ನೋಡುವ ಅನುಮತಿ

...ಅಳೋದಾದ್ರೆ ಅತ್ತುಬಿಡು, ಹೀಗೆ ಕಲ್ಲಿನ ಹಾಗೆ ಕೂತ್ಕೋಬೇಡ. ಬಾಗಿಲು ಹಾಕಿದ್ದೀನಿ, ಯಾರೂ ಬರಲ್ಲ, ಎಲ್ಲಾ ಊಟಕ್ಕೆ ಹೋಗಿದ್ದಾರೆ. ನಿನ್ನ ಡಬ್ಬಿನೂ ತಂದಿದ್ದೀನಿ ನೋಡು. ಬೆಳಿಗ್ಗೆ ಎದ್ದು ಇಬ್ಬರಿಗೂ ಕಟ್ಟಿದವಳು ನೀನು, ನೀನೇ ತಿನ್ನದಿದ್ರೆ ಹೇಗೆ?... ಬೇಡ್ವಾ? ಸರಿ, ಇಲ್ಲೇ ಇಟ್ಟಿರ್ತೀನಿ.

ನೋಡು ಗುಬ್ಬಿ, ಆಗಿದ್ದು ಆಗಿಹೋಯ್ತು. ಮೀಟಿಂಗ್‌ನಲ್ಲಿ ಹನ್ನೊಂದು ಜನ ಕೂತಿದ್ರು, ನಿಜ. ದೊಡ್ಡ ಸಾಹೇಬರು ಕನ್ನಡಕ ಒರೆಸಿ ಹಾಕ್ಕೊಂಡು ಮುಂದಕ್ಕೆ ಬಗ್ಗಿದ್ರು, ಅದೂ ನಿಜ. ನೀನು ಗುಂಡಿ ಒತ್ತಿದೆ... ಗೋಡೆ ತುಂಬ ಒಂದು ಬೀಗದ ಚಿತ್ರ. 'ಈ ಕಲೆಕ್ಷನ್ ನೋಡಲು ನಿಮಗೆ ಅನುಮತಿ ಇಲ್ಲ.' ನಿನ್ನದೇ ಕಲೆಕ್ಷನ್, ಎಂಟು ತಿಂಗಳು ಕೂತು ನೀನೇ ಮಾಡಿದ ಚಾರ್ಟುಗಳ ಕಡತ, ಅದನ್ನ ನಿಂಗೇ ತೋರಿಸಲ್ಲ ಅಂತು. ಟಿಕೆಟ್ ವಿಭಾಗದವನು ಕಿಸಕ್ ಅಂದನಲ್ಲ, ಅವನ ಕಪಾಳಕ್ಕೆ ಒಂದು ಬಿಡೋಣ ಅನ್ನಿಸ್ತು ನಂಗೆ.

ನಾನಾ? ನಾನೆಲ್ಲಿ ನಕ್ಕೆ? ಅದು ನಗು ಅಲ್ಲ ಕಣೇ. ಗಾಬರಿಯಾದ್ರೆ ನನ್ನ ಬಾಯಿ ಹಾಗಾಗುತ್ತೆ. ನಿಮ್ಮಣ್ಣನನ್ನ ಕೇಳು, ನಮ್ಮ ಮದುವೆ ಫೋಟೋದಲ್ಲೆಲ್ಲ ಹಾಗೇ ಇದ್ದೀನಿ.

ಸರ್ವರ್ ಮಾಡೋ ಕೆಲಸ ಇದೆಲ್ಲ. ಅದಕ್ಕೇನು ಬುದ್ಧಿ ಇದೆಯಾ? ಅನುಮತಿ ಪಟ್ಟಿಯಲ್ಲಿ ಜನರನ್ನ ಒಂದು ಗುಂಪಿನಿಂದ ಇನ್ನೊಂದಕ್ಕೆ ಹಾಕುವಾಗ ಒಬ್ಬರು ಜಾರಿ ಹೊರಗೆ ಬೀಳ್ತಾರೆ. ಹೋದ ವರ್ಷ ಒಬ್ಬ ಡಿಪೋ ಮ್ಯಾನೇಜರಿಗೆ ತನ್ನ ಡಿಪೋದ ಬಸ್ಸುಗಳೇ ಪರದೆ ಮೇಲೆ ಕಾಣದೆ ಹೋಗಿ, ನಲವತ್ತು ಬಸ್ಸು ಕಳುವಾಗಿದೆ ಅಂತ ನಂಗೆ ಫೋನ್ ಮಾಡಿದ್ದ. ಕಿಟಕಿ ತೆಗೆದು ನೋಡಿ ಸ್ವಾಮಿ, ಅಂಗಳದಲ್ಲೇ ನಿಂತಿರ್ತಾವೆ ಅಂದೆ... ನಗು ಬರಲ್ವಾ? ಆವತ್ತು ಹೇಳಿದಾಗ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೆ ನೀನು.

ಸರಿ ಬಿಡು. ನಗಬೇಡ.

ಆದ್ರೆ ನೀನು ಯಾಕೆ ಎದ್ದು ನಿಂತು 'ತಪ್ಪು ನನ್ನದೇ ಸಾರ್' ಅಂದೆ? ಅದು ನಂಗೆ ಅರ್ಥ ಆಗ್ಲಿಲ್ಲ. ತಾಂತ್ರಿಕ ತೊಂದರೆ ಅಂದಿದ್ರೆ ಸಾಕಿತ್ತು. ಇವತ್ತು ನಾಲ್ಕು ಗಂಟೆಗೆ ಸಾಹೇಬರು ನಿನ್ನ ಕಾಗದಕ್ಕೆ ಸಹಿ ಹಾಕೋದು, ಖಾಯಂ ಮಾಡೋದೋ ಮನೆಗೆ ಕಳಿಸೋದೋ ಅಂತ. ಅಂಥ ದಿನ ಯಾರಾದ್ರೂ ತಪ್ಪು ಮೈಮೇಲೆ ಎಳ್ಕೊಳ್ತಾರಾ? 'ಇನ್ನೂ ಪಳಗಬೇಕು ಈ ಹುಡುಗಿ' ಅಂದ್ರಲ್ಲ, ಆಮೇಲೆ ನನ್ನಿಂದ ಏನು ಮಾಡೋಕಾಗುತ್ತೆ?

ಹೌದು, ನಿನ್ನದರ ಬದಲು ನನ್ನ ಹಳೇ ಚಾರ್ಟ್ ತೆರೆದೆ. ಅವರೇ ಕೇಳಿದ್ರು. ಅರ್ಧ ನಿಮಿಷದಲ್ಲಿ ಹೇಗೆ ತೆರೆದೆ ಅಂತಲಾ ಆ ನೋಟ? ನಾನು ಯಾವಾಗ್ಲೂ ತಯಾರಾಗೇ ಹೋಗೋದು ಗುಬ್ಬಿ. ಹತ್ತೊಂಬತ್ತು ವರ್ಷದ ಅಭ್ಯಾಸ.

ಹತ್ತೊಂಬತ್ತು ವರ್ಷ... ಮೊದಲನೇ ವಾರ ನಿಂಗೆ ಹೇಳಿಕೊಟ್ಟಿದ್ದು ನೆನಪಿದೆಯಾ? ಇದೇ ಕುರ್ಚಿ. ಕಲೆಕ್ಷನ್ ಅಂದ್ರೆ ಎಲ್ಲರಿಗೂ ಸೇರಿದ ಒಂದು ಬೀರು ಅಂದ್ಕೋ ಅಂದಿದ್ದೆ. ಕೆಲವರು ಗಾಜಿನಾಚೆಯಿಂದ ಬರೀ ನೋಡಬಹುದು. ಕೆಲವರು ಒಳಗೆ ಕೈಹಾಕಿ ತಿದ್ದಬಹುದು. ಬೀಗದ ಕೈ ಮಾತ್ರ ನನ್ನೊಬ್ಬಳ ಹತ್ತಿರ. ನೀನು ಪುಸ್ತಕದಲ್ಲಿ ಬೀರುವಿನ ಚಿತ್ರನೇ ಬರ್ಕೊಂಡೆ. ಅವತ್ತು ನಿನ್ನ ಕಂಡ್ರೆ ಎಷ್ಟು ಮುದ್ದು ಬಂತು ಗೊತ್ತಾ? ನನ್ನ ನಾದಿನಿ ಅಂತ ಎಲ್ಲರ ಮೇಜಿಗೂ ಕರ್ಕೊಂಡು ಹೋದೆ. ಎಲ್ಲಾ ಬೀರುನೂ ತೆರೆದು ತೋರಿಸಿದೆ. ಯಾರು, ಯಾವಾಗ, ಯಾರ ಅನುಮತಿ ಕೊಟ್ರು, ಯಾರದ್ದು ಕಿತ್ಕೊಂಡ್ರು, ತನ್ನನ್ನ ಯಾರು ತೆರೆದು ನೋಡಿದ್ರು ಅಂತಾನೂ ತಾನೇ ಬರ್ಕೊಳ್ಳೋ ದಾಖಲೆ ಇದೆಯಲ್ಲ, ಅದನ್ನೂ ತೋರಿಸಿದೆ. ಬೇರೆ ಯಾರಿಗೂ ಅದನ್ನ ತೋರಿಸಿದವಳಲ್ಲ ನಾನು.

ಆಮೇಲೆ ನೀನು ಏನು ಮಾಡಿದೆ?

ಏನೂ ಮಾಡಿಲ್ಲ, ಗೊತ್ತು. ಅದೇ ನಿನ್ನ ತೊಂದರೆ, ನೀನು ಏನೂ ಮಾಡಲ್ಲ, ಎಲ್ಲಾ ತಾನಾಗೇ ನಿನ್ನ ಕಡೆ ಬರುತ್ತೆ. ನಾನು ಇಷ್ಟು ವರ್ಷ ಎಷ್ಟು ಟಿಕೆಟ್ ಹರಿದ್ವು ಅಂತ ಲೆಕ್ಕ ತೋರಿಸ್ತಿದ್ದೆ. ನೀನು ಬಂದು ಯಾವ ನಿಲ್ದಾಣದಲ್ಲಿ ಜನ ಎಷ್ಟು ಹೊತ್ತು ಕಾಯ್ತಾರೆ ಅಂತ ತೋರಿಸಿದೆ. ಒಂದು ಸಲ ದೊಡ್ಡ ಸಾಹೇಬರು ಈ ಬಾಗಿಲಿಗೆ ಬಂದು ನಿಂತ್ರು, ನಾನು ಎದ್ದೆ, ಅವರು ನನ್ನ ತಲೆ ಮೇಲಿಂದ ನೋಡಿ 'ಆ ಕಾಯೋ ಚಾರ್ಟ್ ಹುಡುಗಿ ಎಲ್ಲಿ?' ಅಂದ್ರು. ನಾನು ಎದ್ದವಳು ಹಾಗೇ ಕೂತೆ. ನೀನು ನೋಡಲಿಲ್ಲ. ನೀನ್ಯಾಕೆ ನೋಡ್ತೀಯ?

ಹೋಗ್ಲಿ, ಆಫೀಸು ಬಿಡು. ಮನೇಲಿ? ನಿಮ್ಮಣ್ಣ ತಟ್ಟೆ ಮುಂದೆ ಕೂತ್ರೆ ಸಾಕು, 'ಗುಬ್ಬಿ ಇವತ್ತು ಏನು ಕಂಡುಹಿಡಿದೆ?' ನಾನು ಪಕ್ಕದಲ್ಲೇ ಬಡಿಸ್ತಾ ನಿಂತಿರ್ತೀನಿ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನ, ಒಂದೇ ದಿನ ಆ ಮನುಷ್ಯ ನನ್ನನ್ನ ಕೇಳಿಲ್ಲ ನೀನೇನು ಮಾಡಿದೆ ಅಂತ. ಮಗಳು ಬೇರೆ. ಮೊನ್ನೆ ಲೆಕ್ಕ ಬರಲ್ಲ ಅಂತ ಪುಸ್ತಕ ಹಿಡ್ಕೊಂಡು ಬಂದ್ಲು, ಕೊಡು ನೋಡೋಣ ಅಂತ ಕೈ ಚಾಚಿದೆ. 'ನೀನಲ್ಲಮ್ಮ, ಅತ್ತೆ ಎಲ್ಲಿ?' ಅಂದ್ಲು. ಹೆತ್ತವಳು ನಾನು ಕಣೇ. ಲೆಕ್ಕ ಮಾಡಿಯೇ ಬದುಕಿದವಳು ನಾನು.

ಹೊಟ್ಟೆಕಿಚ್ಚಾ? ನಂಗಾ, ನಿನ್ನ ಮೇಲಾ?... ನೀನು ಅನ್ನಲಿಲ್ಲ, ಸರಿ. ಕಣ್ಣಲ್ಲಿ ಅಂದೆ. ಆಗುತ್ತೆ. ಆಗುತ್ತೆ ಅಂತಲೇ ಇಟ್ಕೋ, ಹೊಟ್ಟೆ ಉರಿಯುತ್ತೆ. ಹೊಟ್ಟೆ ಉರಿಯೋದಕ್ಕೂ ಕೈಯಾರೆ ಒಬ್ಬರ ಅನ್ನ ಕಿತ್ಕೊಳ್ಳೋದಕ್ಕೂ ವ್ಯತ್ಯಾಸ ಇಲ್ವಾ? ನಾನು ಅಂಥವಳಾ?

ಇವತ್ತು ಬೆಳಿಗ್ಗೆ ನೀನೇ ವಿಚಿತ್ರವಾಗಿ ಆಡಿದ್ದು. ಮೀಟಿಂಗ್‌ಗೆ ಇನ್ನೂ ಮುಕ್ಕಾಲು ಗಂಟೆ ಇತ್ತು, ಎರಡು ಲೋಟ ಕಾಫಿ ಹಿಡ್ಕೊಂಡು ಬಂದು ನನ್ನ ಮೇಜಿನ ಹತ್ತಿರ ನಿಂತೆ. 'ಅತ್ತಿಗೆ, ನಂಗೇನಾದ್ರೂ ಹೇಳೋದಿದೆಯಾ?' ಅಂದೆ. ನಾನೇನು ಹೇಳಬೇಕಿತ್ತು? ಹೋಗಿ ಸೀರೆ ನೆರಿಗೆ ಸರಿಮಾಡ್ಕೋ ಅಂದೆ. ಆಮೇಲೂ ಒಂದು ಗಳಿಗೆ ನಿಂತೇ ಇದ್ದೆ. ಕಾಫಿ ಆರಿಹೋಯ್ತು.

ಏನು ಹಾಗೆ ನೋಡ್ತೀಯ?

ದೇವರಾಣೆಗೂ ಸರ್ವರ್‌ದೇ ತಪ್ಪು. ಈ ಅಪ್‌ಡೇಟುಗಳು ಹೇಳಿ ಕೇಳಿ ಬರ್ತಾವಾ? ನಿನ್ನೆ ಸಂಜೆ ಐದೂ ನಲವತ್ತಕ್ಕೆ ಎಲ್ಲಾ ಸರಿಯಾಗೇ ಇತ್ತು, ಅಷ್ಟರಲ್ಲಿ...

ಐದೂ ನಲವತ್ತು ಅಂದೆನಾ? ಅಂದಾಜಿಗೆ ಅಂದೆ. ಆಫೀಸು ಬಿಡೋ ಹೊತ್ತು ಅಂತ. ನೀನಾಗ ಇಲ್ಲಿ ಇರಲೂ ಇಲ್ಲ, ಮಗಳನ್ನ ಈಜು ತರಗತಿಯಿಂದ ಕರ್ಕೊಂಡು ಬರೋಕೆ ಹೋಗಿದ್ದೆ. ನಾನೇ ತಾನೆ ಕಳಿಸಿದ್ದು, ನಂಗೊಂದು ಸಣ್ಣ ಕೆಲಸ ಇದೆ ಅಂತ... ಆ ಕೆಲಸ ಬೇರೆ. ಹಳೇ ಕಲೆಕ್ಷನ್ ಜೋಡಿಸೋದಿತ್ತು. ಬೇಕಾದ್ರೆ ನೋಡ್ಕೋ. ನಿಂಗೆಲ್ಲಿ ಕಾಣುತ್ತೆ, ನಿಂಗೆ ಈಗ ಯಾವುದೂ ತೆರೆಯಲ್ಲ, ಒಂದೊಂದಾಗಿ ಎಲ್ಲಾ...

ಸರ್ವರ್ ತೆಗೆದಿದೆ ಅಂತ ಹೇಳ್ತಿದ್ದೀನಿ.

ಏನು ಮಾಡ್ತಿದ್ದೀಯ? ಪರದೆ ಯಾಕೆ ನನ್ನ ಕಡೆ ತಿರುಗಿಸ್ತೀಯ? ಕನ್ನಡಕ ಮೇಜಿನ ಮೇಲಿದೆ, ಇರು... ಏನಿದು? ಇದು... ಇದು ನಿಂಗೆ ಹೇಗೆ ತೆರೀತು?

ಓ.

ಮೊದಲನೇ ವಾರ. ನಾನೇ ಕೊಟ್ಟಿದ್ದು. ದಾಖಲೆ ನೋಡೋ ಅನುಮತಿ. ಎಲ್ಲಾ ಕಿತ್ಕೊಂಡೆ, ಇದೊಂದು ಕೊಟ್ಟಿದ್ದೆ ಅನ್ನೋದೇ ಮರೆತುಹೋಯ್ತು.

ಓದ್ತಿದ್ದೀನಿ, ಬೆರಳು ತೋರಿಸಬೇಡ. ಐದೂ ನಲವತ್ತು. ನೋಡುವುದು, ತೆಗೆದಿದೆ. ತಿದ್ದುವುದು, ತೆಗೆದಿದೆ. ತೆಗೆದವರು... ಹೂಂ. ನನ್ನ ಹೆಸರೇ. ಇದರಲ್ಲಿ ಸುಳ್ಳು ಬರಲ್ಲ ಅಂತ ನಾನೇ ನಿಂಗೆ ಹೇಳಿಕೊಟ್ಟಿದ್ದೆ.

ಅದರ ಕೆಳಗಿನ ಸಾಲು ಏನು? ಯಾರೋ ಈ ದಾಖಲೆ ತೆರೆದಿದ್ದಾರೆ. ನೀನು. ಇವತ್ತು. ಒಂಬತ್ತೂ ಹತ್ತಕ್ಕೆ...

ಒಂಬತ್ತೂ ಹತ್ತು. ನೀನು ಕಾಫಿ ತಂದಿದ್ದು ಒಂಬತ್ತೂಕಾಲಿಗೆ.

ಗೊತ್ತಿತ್ತಾ ನಿಂಗೆ? ಮೀಟಿಂಗ್‌ಗೆ ಮುಂಚೆನೇ ಗೊತ್ತಿತ್ತಾ? ಗೊತ್ತಿದ್ದೂ ಬಂದು ನಿಂತೆ, ಏನಾದ್ರೂ ಹೇಳೋದಿದೆಯಾ ಅಂತ... ನಾನು ಸೀರೆ ನೆರಿಗೆ ಅಂದೆ. ಆಮೇಲೆ ಹನ್ನೊಂದು ಜನರ ಮುಂದೆ ಗುಂಡಿ ಒತ್ತಿದೆಯಲ್ಲ, ಆಗ್ಲೂ ಗೊತ್ತಿತ್ತು. ಕೊನೇ ಗಳಿಗೆಯಲ್ಲಾದ್ರೂ ಅತ್ತಿಗೆ ತಿರುಗಿ ಕೊಟ್ಟಿರ್ತಾಳೆ ಅಂದ್ಕೊಂಡೆಯಾ?

ಅನ್ನು. ಹೂಂ ಅನ್ನು, ಇಲ್ಲ ಅನ್ನು.

ಇಲ್ಲಿ ಕೊಡು, ಈಗಲೇ ಅನುಮತಿ ಹಾಕಿಬಿಡ್ತೀನಿ, ಎರಡು ಕ್ಲಿಕ್ಕು... ಕೈ ಯಾಕೆ ಹಿಡಿದೆ? ಹೌದು. ಈಗ ಕೊಟ್ರೆ ಅದೂ ಒಂದು ಸಾಲಾಗಿ ಬರುತ್ತೆ, ಇದರ ಕೆಳಗೆ. ಅಷ್ಟೇ ಅಲ್ವಾ?

ನಿಮ್ಮಣ್ಣನಿಗೆ ಹೇಳಿದ್ದೀಯಾ?... ಇಲ್ಲ. ಹೇಳೋದೂ ಇಲ್ಲ ನೀನು. ಸಾಹೇಬರಿಗೂ ಹೇಳಲ್ಲ. ಕೆಲಸ ಹೋದ್ರೆ ಹೋಗ್ಲಿ ಅಂತ ಸಂಜೆ ಮನೆಗೆ ಬಂದು ಮಗಳಿಗೆ ಲೆಕ್ಕ ಹೇಳಿಕೊಡ್ತೀಯ. ನನ್ನ ತಟ್ಟೆಗೂ ಬಡಿಸ್ತೀಯ. ನಾನು ಉಣ್ಣಬೇಕು.

ಬೈಯೇ. ಒಂದು ಸಲ ಬೈದುಬಿಡು. ನಿಂಗೆ ಬೈಯೋಕೂ ಬರಲ್ವಾ? ಒಂದು ವಿಷಯದಲ್ಲಾದ್ರೂ ನಾನು ನಿನಗಿಂತ ಮೇಲೆ ಅಂತ ಅಂದ್ಕೊಂಡಿದ್ದೆ, ನಿನಗಿಂತ ದೊಡ್ಡವಳು, ಮನೆಗೆ ಹಿರಿಯವಳು ಅಂತ. ಇದರಲ್ಲೂ ನೀನೇ ಮೇಲಾದೆ. ಅದೂ ನಂಗೆ ತಡೆಯೋಕಾಗ್ತಿಲ್ಲ ಗುಬ್ಬಿ, ನೋಡು, ಈಗಲೂ, ಇಷ್ಟಾದ್ರೂ, ಹೊಟ್ಟೆ ಉರೀತಾನೇ ಇದೆ.

ಗಂಟೆ ಎಷ್ಟಾಯ್ತು?... ಎರಡೂಮುಕ್ಕಾಲು. ಅವರು ನಾಲ್ಕಕ್ಕೆ ಸಹಿ ಹಾಕೋದು.

ಆ ಸಾಲುಗಳನ್ನ ಅಚ್ಚು ತೆಗಿ. ನಾನು ಹೇಳ್ತಿದ್ದೀನಿ, ತೆಗಿ. ಎರಡನ್ನೂ. ನನ್ನದೂ, ಒಂಬತ್ತೂ ಹತ್ತರದ್ದೂ... ಸಹಿಗೆ ಮುಂಚೆ ಸಾಹೇಬರಿಗೆ ತೋರಿಸ್ತೀನಿ. ನಾನು ಹೋಗಲ್ಲ ಅಂದ್ಕೊಂಡೆಯಾ?

ನೀನೂ ಎದ್ದು ಬರಬೇಡ. ಇಲ್ಲೇ ಕೂತು ಊಟ ಮಾಡು. ನೀನು ಜೊತೆಗೆ ಬಂದ್ರೆ ಮತ್ತೆ ತಪ್ಪು ನನ್ನದೇ ಅಂತೀಯ, ನಾನು ಅನ್ನೋಕೆ ಬಿಟ್ಟುಬಿಡ್ತೀನಿ.