ಹೊರಗೆ ಕಾಣದ ದೀಪ

ಒಬ್ಬ ಶ್ರೀಮಂತನಿದ್ದ. ಯಾವ ಊರಲ್ಲಿ ಅಂತ ಕೇಳುತ್ತೀರಿ, ತೊಡಕು ಅಲ್ಲಿಂದಲೇ ಶುರು. ಅವನು ಶ್ರೀಮಂತ ಅನ್ನಿಸಿಕೊಂಡಿದ್ದ ಊರು ಹೊಳೆಯ ಆಚೆ ದಡದಲ್ಲಿ ಉಳಿದುಹೋಗಿತ್ತು. ಈಚೆ ದಡದ ಊರಿಗೆ ಬಂದಿಳಿದಾಗ ಅವನ ಜೊತೆಗಿದ್ದದ್ದು ತುಂಬು ಬಸುರಿ ಹೆಂಡತಿ, ಒಂದು ಚೀಲ ಬಂಗಾರ, ಒಂದು ಬಿಂದಿಗೆ ಎಣ್ಣೆ, ಅಪ್ಪ ಕೊಟ್ಟ ಚಕಮಕಿ ಕಲ್ಲು. ಇದು ನನ್ನ ಅಜ್ಜಿಯ ಕಥೆ. ಈ ಜಾಗಕ್ಕೆ ಬಂದಾಗ ಅವಳು ದನಿ ಇಳಿಸುತ್ತಿದ್ದಳು. ನಾನೂ ಇಳಿಸುತ್ತೇನೆ. ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ.

ಆ ಊರಿನಲ್ಲೊಂದು ಪದ್ಧತಿ. ಮುಸ್ಸಂಜೆಗೆ ಯಾರೂ ತಮ್ಮ ದೀಪವನ್ನು ತಾವೇ ಹೊತ್ತಿಸುವುದಿಲ್ಲ. ಹಣತೆ ಹಿಡಿದು ಇನ್ನೊಂದು ಮನೆಯ ಹೊಸ್ತಿಲಿಗೆ ಹೋಗಬೇಕು. ಅವರಿಂದ ಒಂದು ಸೌಟು ಎಣ್ಣೆ ಕಡ ಇಸಿದುಕೊಂಡು, ಅವರ ದೀಪದಿಂದಲೇ ಬತ್ತಿ ಹಚ್ಚಿಕೊಳ್ಳಬೇಕು. ಮಾರನೆಯ ದಿನ ಹೊತ್ತು ಮುಳುಗುವ ಮೊದಲು ಆ ಎಣ್ಣೆ ತಿರುಗಿ ಕೊಡಬೇಕು. ಇದ್ದವರೂ ಹೀಗೆ, ಇಲ್ಲದವರೂ ಹೀಗೆ.

ಶ್ರೀಮಂತನಿಗೆ ನಗು ಬಂತು. ಹೆಂಡತಿಗೆ ಹೇಳಿದ, "ನಮ್ಮ ಮನೆತನದಲ್ಲಿ ಯಾರೂ ಇನ್ನೊಬ್ಬರ ಹೊಸ್ತಿಲಲ್ಲಿ ಕೈ ಚಾಚಿಲ್ಲ ಕಣೆ. ಎಣ್ಣೆ ನಮ್ಮದು, ಕಲ್ಲು ನಮ್ಮದು." ಕಲ್ಲು ಗೀರಿದ, ದೀಪ ಹೊತ್ತಿತು, ಚೆನ್ನಾಗಿಯೇ ಉರಿಯಿತು. ಇದರಲ್ಲಿ ತಪ್ಪೇನಿದೆ, ಹೇಳಿ? ಕದ್ದನಾ? ಮೋಸ ಮಾಡಿದನಾ? ಇಲ್ಲ.

ಮೊದಲು ಗಮನಿಸಿದವಳು ಹೆಂಡತಿ. ಬೀದಿಯಲ್ಲಿ ಹೋಗುವವರು ಪ್ರತಿ ಮನೆಯ ಕಡೆಗೂ ತಿರುಗಿ ನೋಡುತ್ತಿದ್ದರು. ಇವರ ಮನೆ ಬಂದಾಗ ಮಾತ್ರ ಖಾಲಿ ನಿವೇಶನ ದಾಟುವ ಹಾಗೆ ದಾಟುತ್ತಿದ್ದರು. ಒಂದು ಸಂಜೆ ಒಬ್ಬ ಬಂದು ಜಗಲಿಯ ಕಂಬಕ್ಕೆ ಎಮ್ಮೆ ಕಟ್ಟಿದ. ಇಲ್ಲಿ ಕಟ್ಟಬೇಡಪ್ಪ ಅಂದಳು. ಅವನು ತಣ್ಣನೆ ಗಾಳಿ ತಾಗಿದವನಂತೆ ಕತ್ತು ಸವರಿಕೊಂಡು ಎಮ್ಮೆಗೆ ಹೇಳಿದ, "ಈ ಪಾಳು ಜಾಗದಲ್ಲಿ ಚಳಿ ಜಾಸ್ತಿ ಕಣೇ." ಇನ್ನೊಂದು ಸಂಜೆ ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಾ ಒಳಗೇ ನುಗ್ಗಿದರು. ಒಂದು ಹುಡುಗಿ ಇವಳ ಮೊಣಕಾಲಿಗೆ ಒರಗಿ, ಉರಿಯುವ ದೀಪದ ಪಕ್ಕದಲ್ಲೇ ಅವಿತು ಕೂತಳು. ಕೂತು, ತನ್ನಷ್ಟಕ್ಕೆ ತಾನೇ ಪಿಸುಗುಟ್ಟಿದಳು, "ಎಷ್ಟು ಕತ್ತಲೆ ಇಲ್ಲಿ."

ನೋಡಿ, ಆ ಊರಿನವರ ಕಣ್ಣಿಗೆ ಕಡ ತಂದ ಬೆಂಕಿ ಮಾತ್ರ ಕಾಣುತ್ತದೆ. ಸ್ವಂತ ಕಲ್ಲಿನ ಬೆಂಕಿ ಹೊತ್ತಿಸಿದವನಿಗೆ ಮಾತ್ರ ಬೆಳಕು. ಅಂಗಡಿಯಲ್ಲಿ ಬಂಗಾರ ಇಟ್ಟರೆ ಅಂಗಡಿಯವನು ತೆಗೆದುಕೊಂಡು ಅಕ್ಕಿ ಅಳೆದು ತಳ್ಳುತ್ತಿದ್ದ. ಕಣ್ಣೆತ್ತುತ್ತಿರಲಿಲ್ಲ. ಬಂಗಾರಕ್ಕೆ ಅಕ್ಕಿ ಸಿಕ್ಕಿತು. ಬಂಗಾರ ಕೊಟ್ಟವನು ಮಾತ್ರ ಯಾರ ಕಣ್ಣಿಗೂ ಸಿಕ್ಕಲಿಲ್ಲ.

ಹೀಗಿರುವಾಗ, ದೀಪ ಹಚ್ಚುವ ಹೊತ್ತಿಗೆ ಹೆಂಡತಿಗೆ ನೋವು ಶುರುವಾಯಿತು. ಅವನು ಸೂಲಗಿತ್ತಿಯ ಮನೆಗೆ ಓಡಿ ಬಾಗಿಲು ಬಡಿದ. ಅವಳು ತೆರೆದಳು, ಅವನ ಭುಜದ ಆಚೆ ನೋಡಿದಳು. ಒಳಗಿನಿಂದ ಯಾರು ಅಂತ ಕೇಳಿದ ಮಗಳಿಗೆ, ಯಾರೂ ಇಲ್ಲ, ಗಾಳಿ ಅಂದಳು. ಅವನು ಬಂಗಾರದ ಚೀಲವನ್ನೇ ಅವಳ ಕಾಲಬುಡಕ್ಕೆ ಹಾಕಿದ. ಅವಳು ಬಗ್ಗಿ ಎತ್ತಿಕೊಂಡು ಬೀದಿಯ ಆಚೆ ಈಚೆ ನೋಡಿದಳು. "ಪಾಪ, ಯಾರೋ ಬೀಳಿಸಿಕೊಂಡು ಹೋಗಿದ್ದಾರೆ." ಚೀಲವನ್ನು ಜೋಪಾನವಾಗಿ ಗೂಡಿನಲ್ಲಿಟ್ಟು ಬಾಗಿಲು ಹಾಕಿಕೊಂಡಳು.

ಬೀದಿಯ ಮಧ್ಯೆ ನಿಂತು ಕೂಗಿದ. ಒಬ್ಬರೂ ತಿರುಗಲಿಲ್ಲ. ಎದುರು ಮನೆಯ ಮುದುಕಿ ಮಾತ್ರ ನೇರ ಅವನ ಮುಖವನ್ನೇ ನೋಡಿದಳು.

"ಕೂಗಬೇಡ ಮಗಾ. ನಾನೂ ಹೊಳೆ ದಾಟಿ ಬಂದು ಇಲ್ಲೇ ನಿಂತು ಕೂಗಿದವಳು. ಹೋಗು, ನಿನ್ನ ದೀಪ ಆರಿಸು. ಬಿಂದಿಗೆ ತಂದು ನನ್ನ ಒಳಮನೆಯಲ್ಲಿಡು. ಅದರಿಂದಲೇ ಒಂದು ಸೌಟು ನಿನಗೆ ಕಡ ಕೊಡ್ತೀನಿ."

"ನನ್ನ ಎಣ್ಣೆಯನ್ನೇ ನನಗೆ ಕಡ ಕೊಡ್ತೀಯಾ ಅಜ್ಜಿ?"

"ಹೂಂ. ನಿನ್ನ ಬಿಂದಿಗೆ ಎಲ್ಲೂ ಹೋಗಲ್ಲ. ಆದರೆ ಕೊಟ್ಟದ್ದನ್ನ ತಿರುಗಿ ತರ್ತೀಯ ಅಂತ ಈ ಊರಿಗೆ ಇನ್ನೂ ಗೊತ್ತಿಲ್ಲ."

ಮನೆಗೆ ಓಡಿದ. ದೀಪ ಆರಿಸಬೇಡಿ, ನನಗೆ ಭಯ ಅಂದಳು ಹೆಂಡತಿ. ಅಪ್ಪನ ಕಲ್ಲಿನ ಬೆಂಕಿ ಅದು. ಕಣ್ಣು ಮುಚ್ಚಿ ಊದಿದ. ಕತ್ತಲೆಯಲ್ಲಿ ಹೆಂಡತಿಯ ಉಸಿರು ಕೇಳಿಸಿತು. ಅವಳೊಬ್ಬಳದೇ ಅಲ್ಲ, ಇನ್ನೂ ಯಾರದೋ. ಬಹಳ ಜನರದು.

ಬಿಂದಿಗೆ ಹೊತ್ತು ಎದುರು ಮನೆಗೆ ಓಡಿದ. ಮುದುಕಿಯ ಬತ್ತಿಯಿಂದ ಹಚ್ಚಿಕೊಂಡು, ಅಂಗೈ ಮರೆ ಮಾಡಿ ದೀಪ ತಂದು ಹೊಸ್ತಿಲ ಮೇಲಿಟ್ಟ. ಸಣ್ಣ ಬೆಳಕು. ಆ ಬೆಳಕಿನಲ್ಲಿ ಅವನ ಅಂಗಳದ ತುಂಬ ಜನ ನಿಂತಿದ್ದರು. ಎಮ್ಮೆಯವನಿದ್ದ, ಖಾಲಿ ಜಾಗವೆಂದು ಬಟ್ಟೆ ಒಣಹಾಕಲು ಬಂದ ಹೆಂಗಸರಿದ್ದರು, ಮಕ್ಕಳಿದ್ದರು. ಎಲ್ಲರೂ ರೆಪ್ಪೆ ಬಡಿಯದೆ ಅವನನ್ನೇ ನೋಡುತ್ತಿದ್ದರು.

"ಅರೆ," ಅಂದ ಎಮ್ಮೆಯವನು ನಿಧಾನವಾಗಿ ಹಗ್ಗ ಬಿಚ್ಚುತ್ತಾ, "ಇಲ್ಲೊಂದು ಮನೆ ಇತ್ತಾ?"

ಸೂಲಗಿತ್ತಿ ಸೆರಗು ಸಿಕ್ಕಿಸಿಕೊಂಡು ಬಂದಳು. ದೀಪ ಕಂಡಿತು, ಬಂದೆ ಅಂದಳು. ಬಂಗಾರದ ಚೀಲ ತೋರಿಸಿ ಇದು ನಿಮ್ಮದಾ ಅಂತಲೂ ಕೇಳಿದಳು. ಮಗು ಹುಟ್ಟಿತು. ಅದರ ಅಳು ಬೀದಿಗೆಲ್ಲ ಕೇಳಿಸಿತು.

ಇಲ್ಲಿಗೆ ಮುಗಿಯಲಿಲ್ಲ. ನಾಮಕರಣದ ಸಡಗರದಲ್ಲಿ ಅವನು ಹಿಂದಿನ ಸಂಜೆ ಕಡ ತಂದ ಎಣ್ಣೆ ತಿರುಗಿ ಕೊಡುವುದನ್ನು ಮರೆತ. ಹೊತ್ತು ಮುಳುಗಿತು. ಎದುರಿಗೆ ಕೂತು ಮಾತಾಡುತ್ತಿದ್ದ ಸೂಲಗಿತ್ತಿ ನಡುವೆ ನಿಲ್ಲಿಸಿ, ಏನೋ ಕಳೆದವಳಂತೆ ಅವನ ಮುಖದಲ್ಲೇ ಅವನನ್ನು ಹುಡುಕತೊಡಗಿದಳು. ಎಣ್ಣೆಯ ಸೌಟು ಹಿಡಿದು ಎದ್ದುಬಿದ್ದು ಮುದುಕಿಯ ಮನೆಗೆ ಓಡಿದ, ಕೊಟ್ಟ ಮೇಲೆಯೇ ಮತ್ತೆ ಊರಿನ ಕಣ್ಣಿಗೆ ಬಿದ್ದ. ಅದೇ ಬೀದಿಯ ಕೊನೆಯಲ್ಲಿ ಇನ್ನೊಬ್ಬನಿದ್ದ, ಸಿಕ್ಕ ಮನೆಯಿಂದೆಲ್ಲ ಎಣ್ಣೆ ತಂದು ಜಾತ್ರೆಯ ಹಾಗೆ ಬೆಳಕು ಮಾಡಿದವನು. ಒಂದು ಸಂಜೆ ಎಲ್ಲರೂ ಒಟ್ಟಿಗೆ ತಮ್ಮ ಎಣ್ಣೆ ಕೇಳಲು ಬಂದರು, ಅವನಿಗೆ ತೀರಿಸಲಾಗಲಿಲ್ಲ. ಈಗ ಅಲ್ಲಿ ಮನೆ ಕಾಣುವುದಿಲ್ಲ. ಬಾಗಿಲು ಬಡಿಯುವ ಸದ್ದು ಕೇಳುತ್ತದಂತೆ, ಒಳಗಿನಿಂದ.

ಈಗ ಹೇಳಿ, ಹೊಳೆ ದಾಟಿದವರು ಯಾರು? ಈ ಚಳಿ ದೇಶಕ್ಕೆ ಬಂದು ಈ ಸಭಾಂಗಣದಲ್ಲಿ ಕೂತಿರುವ ನಾವೇ ಅಲ್ಲವೇ? ನಮ್ಮ ನರ್ಸ್ ಕಸ್ತೂರಕ್ಕ ಇಲ್ಲೇ ಇದ್ದಾರೆ, ಹೇಳಲು ಒಪ್ಪಿಗೆ ಕೊಟ್ಟಿದ್ದಾರೆ. ಬಾಡಿಗೆ ಮನೆ ಕೇಳಲು ಹೋದಾಗ ವರ್ಷದ ಬಾಡಿಗೆ ಇವರ ಚೀಲದಲ್ಲೇ ಇತ್ತು. ಮನೆ ಮಾಲೀಕ ಕಂಪ್ಯೂಟರಿನಲ್ಲಿ ಇವರ ಸಾಲದ ದಾಖಲೆ ಹುಡುಕಿ, ನಿಮ್ಮ ಬಗ್ಗೆ ಏನೂ ಕಾಣುತ್ತಿಲ್ಲ ಅಂದ. "ಎದುರಿಗೇ ಕೂತಿದ್ದೆ ತಂಗಿ," ಅಂದರು ನನ್ನ ಹತ್ತಿರ, "ಒಬ್ಬರ ಸಾಲವನ್ನೂ ಉಳಿಸಿಕೊಂಡವಳಲ್ಲ ನಾನು. ಕಾಣ್ತಿಲ್ಲ ಅಂದುಬಿಟ್ಟ." ನೀವು ನಗುತ್ತೀರಿ. ನಿಮ್ಮಲ್ಲಿ ಎಷ್ಟು ಜನ ಇನ್ನೂ ಚಕಮಕಿ ಕಲ್ಲು ಜೇಬಿನಲ್ಲಿಟ್ಟುಕೊಂಡು ನಗದು ಎಣಿಸುತ್ತಿದ್ದೀರಿ?

ಸಾಲವೇ ಮಾಡದವನು ದೊಡ್ಡವನು ಅಂತ ನಮ್ಮನ್ನು ಬೆಳೆಸಿದರು. ಅದು ನಮ್ಮನ್ನು ಬಲ್ಲ ಊರಿನ ಮಾತು. ಇಲ್ಲಿ ನಮ್ಮನ್ನು ಬಲ್ಲವರಿಲ್ಲ, ಸಾಲ ತಂದು ಹೊತ್ತಿಗೆ ತೀರಿಸಿದ ದಾಖಲೆಯೇ ಇಲ್ಲಿ ನಮ್ಮ ಗುರುತು. ಆದ್ದರಿಂದ ನಾಳೆ ಬ್ಯಾಂಕಿಗೆ ಹೋಗಿ. ನಿಮ್ಮದೇ ಠೇವಣಿ ಇಟ್ಟುಕೊಂಡು ಕೊಡುವ ಸಣ್ಣ ಕ್ರೆಡಿಟ್ ಕಾರ್ಡ್ ಇದೆಯಾ ಕೇಳಿ. ನನ್ನ ಎಣ್ಣೆ ನನಗೇ ಯಾಕೆ ಕಡ ಅಂತ ಮುನಿಸಿಕೊಳ್ಳಬೇಡಿ. ಅದರಲ್ಲಿ ಹಾಲು ಕೊಳ್ಳಿ, ಬಸ್ಸಿನ ಪಾಸು ಕೊಳ್ಳಿ, ಮಿತಿಯ ತುದಿ ಮುಟ್ಟಬೇಡಿ. ಕೊಟ್ಟ ತಾರೀಕಿನ ಒಳಗೆ ಪೂರ್ತಿ ತೀರಿಸಿ. ಹಾಗಂತ ಕಂಡ ಅಂಗಡಿಯ ಕಾರ್ಡಿಗೆಲ್ಲ ಸಹಿ ಹಾಕಿದಿರೋ, ಬೀದಿಯ ಕೊನೆಯ ಆ ಸದ್ದನ್ನು ನೆನೆಸಿಕೊಳ್ಳಿ.

ಬಂದು ಬಹಳ ವರ್ಷವಾದವರಿಗೆ ಒಂದು ಮಾತು. ಮುದುಕಿ ಒಬ್ಬಳೇ ಅವನನ್ನು ಕಂಡದ್ದು ಯಾಕೆ? ಅವಳೂ ಒಮ್ಮೆ ಕಾಣದೆ ನಿಂತಿದ್ದಳು. ನೀವು ನಿಂತಿರಲಿಲ್ಲವೇ? ಇವತ್ತು ಮನೆಗೆ ಹೋಗುವಾಗ ನಿಮ್ಮ ಬೀದಿಯಲ್ಲಿ ಕತ್ತಲಾದ ಮನೆ ಕಂಡರೆ ಖಾಲಿ ಅಂದುಕೊಂಡು ದಾಟಬೇಡಿ. ಬಾಗಿಲು ತಟ್ಟಿ. ಹೊಸಬರಿದ್ದರೆ ನಾಳೆ ಬ್ಯಾಂಕಿಗೆ ನೀವೇ ಕರೆದುಕೊಂಡು ಹೋಗಿ. ಒಳಗೆ ಅವರ ದೀಪ ಉರಿಯುತ್ತಲೇ ಇರುತ್ತದೆ.