ಹಸಿರು ಚಹಾದ ಬಾಸುಂದಿ

ಗೊಲ್ಲಾಳಪ್ಪ ಮಾಸ್ತರರು ಸೇಡಂ ಗಾಡಿಗೆ ಕಾಯುತ್ತ ವಾಡಿ ಜಂಕ್ಷನ್ನಿನ ಬೆಂಚಿನ ಮೇಲೆ ಪೇಪರು ಓದುತ್ತಿದ್ದರು. ಮುಂಬಯಿ ಗಾಡಿಯಿಂದ ಆಗಷ್ಟೇ ಇಳಿದಿದ್ದ ಲಾಲಮ್ಮ, ಅವಳನ್ನು ಕರೆದೊಯ್ಯಲು ಬಂದ ತಂಗಿ ಅನಸುಬಾಯಿ ಪಕ್ಕದಲ್ಲೇ ಕೂತರು.

"ಹೋದ ಸಲ ಕೊಟ್ಟ ಹಸಿರು ಚಹಾ ಕುಡದ್ರೇನ?" ಲಾಲಮ್ಮ ಕೇಳಿದಳು.

"ಮಗಳನ್ನ ನೋಡ್ಲಿಕ್ಕ ಬಂದವ್ರಿಗೆ ಮಾಡಿದ್ನೆಕ್ಕಾ. ಎರಡು ಸೇರು ಹಾಲಿಗೆ ಡಬ್ಬಿ ಪೂರಾ ಸುರುವಿ, ಸಕ್ರಿ ಹಾಕಿ ಕುದಿಸಿದೆ."

"ಅಯ್ಯ, ಅದಕ್ಕ ಹಾಲು ಹಾಕ್ತಾರೇನ? ನೀರು ಕಾಸಿ ಇಳಿಸಿ, ಕುದಿ ಆರಿದ ಮ್ಯಾಲ ಒಂದು ಚಮಚ ಎಲಿ ಹಾಕಿ ಮುಚ್ಚಿಡಬೇಕು. ಎರಡು ನಿಮಿಷಕ್ಕ ಸೋಸಬೇಕು. ಅದರಾಗ ಹುಳಿ ಹಣ್ಣಿನ ಒಣ ಚೂರು ಇರ್ತಾವ."

"ಅದಕ್ಕೇ ಹಾಲು ಒಡೀತು!"

ಮಾಸ್ತರರು ಪುಟ ತಿರುವುವುದನ್ನು ಮರೆತರು.

"ಆಮ್ಯಾಲ?" ಲಾಲಮ್ಮ ಕೇಳಿದಳು.

"ಮನ್ಯಾಗ ಬ್ಯಾರೆ ಹಾಲಿಲ್ಲ. ಕಂಡಷ್ಟು ಎಲಿ ಆರಿಸಿ ತಗದು, ಏಲಕ್ಕಿ ಹಾಕಿ, ಗಟ್ಟಿ ಆಗೋತನಕ ಕುದಿಸಿ, ಬಾಸುಂದಿ ಅಂತ ಬಟ್ಟಲದಾಗ ಒಯ್ದೆ. ಹುಡುಗನ ಅವ್ವ ಎರಡು ಸಲ ಹಾಕಿಸ್ಕೊಂಡು ತಿಂದ್ಳು. ಇಂಥ ಬಾಸುಂದಿ ಹುಟ್ಟಿದಾಗಿಂದ ತಿಂದಿಲ್ಲ ಅಂದ್ಳು."

"ಸಂಬಂಧ?"

"ಪಕ್ಕಾ ಆತು. ಆದ್ರ ಲಗ್ನದಾಗ ಐನೂರು ಮಂದಿಗೂ ಅದನ್ನೇ ಮಾಡಬೇಕಂತ."

ಲಾಲಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಕುಲುಕಾಡಿ ನಕ್ಕಳು. ಅಷ್ಟರಲ್ಲಿ, ಮುಂಬಯಿ ಗಾಡಿ ನಿಲ್ಲದ ಶಹಾಬಾದಿಗೆ ಹೋಗುವ ಪ್ಯಾಸೆಂಜರ್ ಗಾಡಿ ಬಂತು. ಅನಸುಬಾಯಿ ಅಕ್ಕನ ಗಂಟು ಎತ್ತಿಕೊಂಡಳು.

"ನಗಬ್ಯಾಡ ಅಕ್ಕಾ. ಸಿಕ್ಕಷ್ಟು ಡಬ್ಬಿ ತರಸು. ಖರೇ ಮಾಡೋ ರೀತಿ ಮಾತ್ರ ಲಗ್ನ ಮುಗಿಯೋತನಕ ಯಾರಿಗೂ ಹೇಳಬ್ಯಾಡ," ಎನ್ನುತ್ತ ಅವಳು ಹೆಂಗಸರ ಬೋಗಿ ಹತ್ತಿದಳು.