ಅಪ್ಪನ ಹಡಗಿನ ಬೊಂಬೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಬೆಳಗಿನಿಂದ ಕುರ್ಚಿ ಜೋಡಿಸಿ ದಣಿದಿರುವ ಗ್ರಂಥಾಲಯದ ಸಿಬ್ಬಂದಿಯವರೇ, ಸಭಿಕರೇ,

ನಾನು ಕೂಡಿಟ್ಟ ನಾವಿಕ ಬೊಂಬೆಗಳನ್ನೆಲ್ಲ ಈ ಗ್ರಂಥಾಲಯ ಸ್ವೀಕರಿಸಿ, ನನ್ನನ್ನು ಸನ್ಮಾನಿಸಿದೆ. ಅಧ್ಯಕ್ಷರು ನನ್ನದು ಮಗುವಿನ ಮನಸ್ಸು ಎಂದರು. ಅವರಿಗೆ ನನ್ನ ಪರಿಚಯವಾಗಿ ಒಂದು ಗಂಟೆಯಷ್ಟೇ ಆಗಿದೆ, ಹಾಗಾಗಿ ಕ್ಷಮಿಸಿದ್ದೇನೆ.

ಹಿಂದೆ ಸಾಗರ ದಾಟುವ ದೊಡ್ಡ ಪ್ರಯಾಣಿಕ ಹಡಗುಗಳಲ್ಲಿ ಈ ಬೊಂಬೆಗಳನ್ನು ನೆನಪಿಗೆಂದು ಮಾರುತ್ತಿದ್ದರು. ಗೇಣುದ್ದದ ಮೈ, ನೀಲಿ ಮಖಮಲ್ಲಿನ ಅಂಗಿ, ಓರೆಗಣ್ಣು, ಟೋಪಿಯ ಪಟ್ಟಿಯ ಮೇಲೆ ಹಡಗಿನ ಹೆಸರು. ಮಾರುತ್ತಿದ್ದದ್ದು ಎಲ್ಲಿ? ಹಡಗಿನ ಕ್ಷೌರದಂಗಡಿಯಲ್ಲಿ. ಮಾರುತ್ತಿದ್ದವರು ಯಾರು? ಕ್ಷೌರಿಕರು. ನಮ್ಮಪ್ಪ ಅಂಥ ಒಬ್ಬ ಕ್ಷೌರಿಕರಾಗಿದ್ದರು.

ವರ್ಷಕ್ಕೆ ಎರಡು ಸಲ ಮನೆಗೆ ಬರುತ್ತಿದ್ದರು. ನನಗೆ ಆರು ವರ್ಷವಾಗಿದ್ದಾಗ ಕೇಳಿದ್ದೆ, "ಅಪ್ಪಾ, ನಂಗೂ ಒಂದು ಬೊಂಬೆ ತರ್ತೀಯಾ?"

"ಅವು ಮಾರೋಕೆ ಇರೋವು, ಪುಟ್ಟೀ."

ಮತ್ತೆ ಕೇಳಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಂಚೆ ಕಚೇರಿಯ ಪಾರ್ಸೆಲ್ ವಿಭಾಗಕ್ಕೆ ಸೇರಿದೆ, ಸೇರಿದ ವರ್ಷವೇ ಮೊದಲ ಬೊಂಬೆ ತರಿಸಿದೆ. ಸಹೋದ್ಯೋಗಿಗಳು ನನ್ನ ಪಾರ್ಸೆಲ್ಲನ್ನು ಅಲುಗಾಡಿಸಿ, "ಮೇಡಂ, ಇವತ್ತು ಬಂದಿರೋದು ಮಗನೋ, ಅಳಿಯನೋ?" ಎನ್ನುತ್ತಿದ್ದರು. ನೀವೂ ನಗಬಹುದು. ನಾನು ಮದುವೆಯಾಗಲಿಲ್ಲ.

ಎಷ್ಟೋ ಹಡಗುಗಳ ಬೊಂಬೆಗಳು ಬಂದವು. ಅಪ್ಪನ ಹಡಗಿನದು ಮಾತ್ರ ಬರಲಿಲ್ಲ. ಕಳೆದ ವರ್ಷ ಪತ್ರಿಕೆಯಲ್ಲಿ ಒಂದು ಜಾಹೀರಾತು ಕಂಡಿತು: ಅದೇ ಹಡಗು, ಅದೇ ಬೊಂಬೆ. ಬಸ್ಸಿನಲ್ಲಿ ಒಂದು ದಿನದ ಪ್ರಯಾಣ ಮಾಡಿ ಹೋದೆ.

ಬಾಗಿಲು ತೆರೆದಾಕೆ ನನಗಿಂತ ಒಂದೆರಡು ವರ್ಷ ಚಿಕ್ಕವರಿರಬಹುದು. ಗಾಜಿನ ಬೀರು ತೋರಿಸಿದರು. ಒಂದಲ್ಲ, ಹನ್ನೊಂದು ಬೊಂಬೆಗಳು!

"ನಮ್ಮಪ್ಪ ಪ್ರತಿ ಹುಟ್ಟುಹಬ್ಬಕ್ಕೂ ಒಂದೊಂದು ತರ್ತಿದ್ರು. ಆ ಹಡಗಲ್ಲೇ ಕ್ಷೌರಿಕರಾಗಿದ್ರು. ಈಗ ಚಿಕ್ಕ ಮನೆಗೆ ಹೋಗ್ತಿದ್ದೀನಿ, ಎಲ್ಲಾನೂ ಎಲ್ಲಿಡಲಿ? ನಿಮಗೆ ಇಷ್ಟ ಬಂದಿದ್ದು ತಗೊಳ್ಳಿ, ಅಕ್ಕಾ."

ಅಕ್ಕ ಎಂದದ್ದು ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು. ಗೋಡೆಯ ಮೇಲಿನ ಫೋಟೋದಲ್ಲಿ ನಮ್ಮಪ್ಪ ಆಕೆಯನ್ನು ಹೆಗಲ ಮೇಲೆ ಕೂರಿಸಿಕೊಂಡು ನಗುತ್ತಿದ್ದರು. ಅವರು ಅಷ್ಟು ನಕ್ಕದ್ದನ್ನು ನಾನು ಎಂದಾದರೂ ಕಂಡಿದ್ದೆನೇ? ಇಲ್ಲ, ಸಭಿಕರೇ, ಕಂಡಿರಲಿಲ್ಲ. "ಇಂಥದ್ದು ನನ್ನ ಹತ್ರ ಆಗಲೇ ಇದೆ" ಎಂದು ಸುಳ್ಳು ಹೇಳಿ ಬರಿಗೈಯಲ್ಲಿ ಹೊರಟುಬಂದೆ.

ಮನೆ ಸೇರಿದಾಗ ಅಮ್ಮ ಅಡುಗೆಮನೆಯಲ್ಲಿ ಬೀನ್ಸ್ ಸೋಸುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಅವಳು ತಲೆ ಎತ್ತಲಿಲ್ಲ.

"ಗೊತ್ತಿತ್ತು ಕಣೇ. ನಿನಗೆ ನಾಲ್ಕು ವರ್ಷ ಇದ್ದಾಗ ನಿನಗೂ ಒಂದು ತಂದಿದ್ರು. ನಾನೇ ಒಲೆಗೆ ಹಾಕ್ದೆ. ಇನ್ನೊಂದು ತಂದ್ರೆ ಮನೆ ಬಾಗಿಲು ತೆಗೆಯಲ್ಲ ಅಂದೆ."

"ನನ್ನ ಬೊಂಬೆ ಅಲ್ವೇನಮ್ಮಾ ಅದು?"

"ಆ ಮನೆ ಎಂಜಲು ನನ್ನ ಮಗಳಿಗೆ ಯಾಕೆ?"

ಅಮ್ಮನಿಗೆ ಈಗ ತೊಂಬತ್ತು. ಹೊತ್ತುಹೊತ್ತಿಗೆ ಊಟ ಬಡಿಸುತ್ತೇನೆ, ಮಾತ್ರೆ ಕೊಡುತ್ತೇನೆ. ಆದರೆ ಅವತ್ತಿನಿಂದ ಅವಳನ್ನು ಮಾತಾಡಿಸಿಲ್ಲ. ಮರುದಿನ ಬೆಳಿಗ್ಗೆ ನಿಮ್ಮ ಗ್ರಂಥಪಾಲಕರಿಗೆ ಫೋನ್ ಮಾಡಿ, ಬೊಂಬೆಗಳನ್ನೆಲ್ಲ ಹೊತ್ತುಕೊಂಡು ಹೋಗಿ ಎಂದೆ. ಅದಕ್ಕೆ ನೀವು ಔದಾರ್ಯ ಎಂಬ ಹೆಸರಿಟ್ಟಿದ್ದೀರಿ. ಇರಲಿ.

ಬೊಂಬೆಗಳ ಬೀರುವಿನ ಕೀಲಿ ಅಧ್ಯಕ್ಷರ ಕೈಯಲ್ಲಿದೆ. ನನ್ನ ಬಳಿ ಇನ್ನೊಂದು ಇಟ್ಟುಕೊಂಡಿಲ್ಲ. ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ್ದಕ್ಕೆ ಧನ್ಯವಾದಗಳು. ಎಲ್ಲರಿಗೂ ನಮಸ್ಕಾರ.